ಒದ್ದೆ ಕೂದಲಿಗೆ ಟಾಂಗ್

ಕೂದಲು ಪೂರ್ತಿ ಒಣಗುವ ತನಕ ಟಾಂಗ್ ಮುಟ್ಟಬಾರದು. ನನ್ನ ಪಾರ್ಲರಿಗೆ ಕೆಲಸ ಕಲಿಯಲು ಬರುವವರಿಗೆ ನಾನು ಹೇಳುವ ಮೊದಲ ಮಾತೇ ಅದು. ಗುಂಗುರು ಮಾಡುವ ಆ ಬಿಸಿ ಕೋಲು ಒದ್ದೆ ಎಳೆಗೆ ತಾಗಿದರೆ ಕೂದಲು ಬೆಂದುಹೋಗುತ್ತದೆ. ಆ ವಾಸನೆ ಬೇಗ ಬಿಡುವುದಿಲ್ಲ.

ನನ್ನ ಅಪ್ಪ ಭದ್ರಾವತಿಯಲ್ಲಿ ಕ್ಷೌರದ ಕೆಲಸ ಮಾಡಿಕೊಂಡಿದ್ದವರು. ಅಂಗಡಿ ಇತ್ತು. ಆದರೆ ಕೆಲವು ದೊಡ್ಡ ಮನೆಗಳಿಗೆ ಪೆಟ್ಟಿಗೆ ಹಿಡಿದುಕೊಂಡು ಹೋಗಬೇಕಿತ್ತು, ಅದೂ ಹಿತ್ತಿಲ ಬಾಗಿಲಿನಿಂದ. ಕ್ಷೌರ ಮುಗಿದ ಕೂಡಲೇ ಯಜಮಾನರು ಯಾರನ್ನೂ ಮುಟ್ಟದೆ ಬಚ್ಚಲಿಗೆ ನಡೆಯುತ್ತಿದ್ದರು. ಪಕ್ಕದ ಪಟ್ಟಣದ ದುರ್ಗಿಗುಡಿಯಲ್ಲಿ ಪಾರ್ಲರ್ ತೆರೆದ ದಿನ ನಾನು ಅಪ್ಪನಿಗೆ ಹೇಳಿದ್ದೆ: "ಆ ಕಾಲ ಮುಗೀತಪ್ಪ. ಈಗ ನಮ್ಮನ್ನ ಮೇಡಂ ಅಂತಾರೆ." ಅಪ್ಪ "ಒಳ್ಳೇದು" ಎಂದು ನನ್ನ ಹೊಸ ಕತ್ತರಿಯ ಅಲಗಿನ ಮೇಲೆ ಬೆರಳಾಡಿಸಿದರು.

ಹೋದ ವರ್ಷ ನಮ್ಮ ಬೀದಿಯ ಹಿಂದಿನ ಒಂದು ಮನೆಯವರು ವಧುವಿನ ಅಲಂಕಾರಕ್ಕೆ ಕರೆದರು. ಹುಡುಗಿಯದು ತೆಳ್ಳನೆಯ ಕೂದಲು. ಎರಡು ತಾಸು ಕೂತು ಸುರುಳಿ ಮಾಡಿ, ಸ್ಪ್ರೇ ಹೊಡೆದು ನಿಲ್ಲಿಸಿದೆ. ಅವಳ ಅಜ್ಜಿ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ನೋಡುತ್ತಿದ್ದರು.

"ಕೈ ಚೆನ್ನಾಗಿದೆ ಕಣಮ್ಮ. ಯಾವೂರು ನಿಂದು?"

"ಭದ್ರಾವತಿ."

"ನಾವೂ ಎಷ್ಟೋ ವರ್ಷ ಅಲ್ಲೇ ಇದ್ವಿ. ಯಾರ ಮಗಳು?"

ಸುಳ್ಳು ಹೇಳಬಹುದಿತ್ತು. ಹೊಗಳಿಕೆಗೆ ಉಬ್ಬಿಹೋಗಿದ್ದ ನಾನು ಅಪ್ಪನ ಹೆಸರು, ಅಂಗಡಿ ಇದ್ದ ಜಾಗ ಎಲ್ಲ ಹೇಳಿ, "ಈ ಕೈ ಅವರಿಂದಲೇ ಬಂದಿದ್ದು" ಎಂದು ಸೇರಿಸಿದೆ.

"ಓ, ಅವನಾ. ಭಾನುವಾರ ನಮ್ಮ ಹಿತ್ಲಿಗೆ ಬರ್ತಿದ್ದ" ಎಂದು ಅಜ್ಜಿ ಎದ್ದು ಒಳಗೆ ಹೋದರು.

ಸ್ವಲ್ಪ ಹೊತ್ತಿಗೆ ವಧುವಿನ ತಾಯಿ ಬಂದರು. "ಏನೂ ತಿಳ್ಕೋಬೇಡಿ ಮೇಡಂ. ಹಿರಿಯರು, ಕೇಳಲ್ಲ. ಇವಳಿಗೆ ಇನ್ನೊಂದ್ಸಲ ತಲೆಗೆ ನೀರು ಹಾಕ್ಬೇಕಂತೆ."

ಆಗಲೂ ಮೇಡಂ ಎಂದೇ ಕರೆದರು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು ಕೇಳುತ್ತ ನಾನು ಅವರು ತೋರಿಸಿದಂತೆ ನಡುಮನೆಯ ಹೊಸ್ತಿಲಾಚೆ ನಿಂತೆ. ಮುಂದಿನ ಕೆಲಸ ವಧುವಿನ ಚಿಕ್ಕಮ್ಮನ ಮಗಳಿಗೆ ಬಿತ್ತು. ಅವಳು ಮೊಬೈಲಿನಲ್ಲಿ ನೋಡಿ ಕಲಿತವಳು. ನನ್ನ ಸಾಮಾನು ಅಲ್ಲೇ ಇರಲಿ, ನಾನು ನಿಂತಲ್ಲಿಂದಲೇ ಹೇಳಿಕೊಟ್ಟರೆ ಸಾಕು ಎಂದರು ವಧುವಿನ ತಾಯಿ.

ಬ್ಯಾಗ್ ಎತ್ತಿಕೊಂಡು ಹೊರಟುಬಿಡಬೇಕಿತ್ತು. ಹೊರಡಲಿಲ್ಲ. ವಧುವಿನ ಮೇಲೆ ಕನಿಕರವಿತ್ತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಬೀದಿಯಲ್ಲಿ ಪಾರ್ಲರಿನ ಹೆಸರು ಕೆಡಿಸಿಯಾರು ಎಂದು ಹೆದರಿದ್ದೆ. ಆ ಹೆದರಿಕೆ ನೆನೆದರೆ ಈಗಲೂ ಮೈ ಉರಿಯುತ್ತದೆ.

"ಮೊದಲು ಡ್ರೈಯರ್. ಬೇರು ಒಣಗಿದ ಮೇಲೆ ತುದಿ. ಉದ್ದ ಬಾಲದ ಬಾಚಣಿಗೆ ಬೈತಲೆ ತೆಗೆಯೋಕೆ. ನೀಲಿ ಬಾಟಲಿ ಬಿಸಿ ತಡೆಯೋಕೆ, ಟಾಂಗಿಗೆ ಮುಂಚೆ ಹಾಕ್ಬೇಕು. ಸ್ಪ್ರೇ ಕೊನೇಗೆ."

ನನ್ನ ಡ್ರೈಯರ್, ನನ್ನ ಬಾಚಣಿಗೆ, ನನ್ನ ಕ್ಲಿಪ್ಪುಗಳು ಒಂದೊಂದಾಗಿ ವಧುವಿನ ತಲೆ ಮುಟ್ಟಿದವು. ಅವಕ್ಕೆ ಯಾರೂ ನೀರು ಹಾಕಲಿಲ್ಲ. ಮೈಲಿಗೆಯೆಲ್ಲ ನನ್ನ ಹತ್ತು ಬೆರಳುಗಳಲ್ಲೇ ಇತ್ತು.

ಚಿಕ್ಕಮ್ಮನ ಮಗಳು ಗಡಿಬಿಡಿಯಲ್ಲಿ ಟಾಂಗ್ ಎತ್ತಿಕೊಂಡಳು. "ಬೇಡ, ಇನ್ನೂ ಒದ್ದೆ ಇದೆ" ಎಂದೆ.

"ಮುಹೂರ್ತಕ್ಕೆ ಹೊತ್ತಾಯ್ತು, ಮಾಡೇ ಮಾರಾಯ್ತಿ" ಎಂದರು ಒಳಗಿನಿಂದ ಯಾರೋ.

ಚುಯ್ ಎಂದಿತು. ಕಿವಿಯ ಪಕ್ಕದ ಒಂದು ಎಳೆ ಕೋಲಿಗೆ ಅಂಟಿಕೊಂಡು ಕಿತ್ತುಬಂತು. ವಧು ಕನ್ನಡಿಯಲ್ಲೇ ನನ್ನನ್ನು ನೋಡಿದಳು. ಮನೆಯವರು ಆ ಜಾಗಕ್ಕೆ ಎರಡು ಮೊಳ ಮಲ್ಲಿಗೆ ಮುಡಿಸಿದರು.

ಮಧ್ಯಾಹ್ನ ನೇರವಾಗಿ ಭದ್ರಾವತಿಯ ಬಸ್ಸು ಹತ್ತಿದೆ.

"ಮದುವೆ ಊಟ ಆಯ್ತಾ?" ಎಂದು ಅಪ್ಪ ಕೇಳಿದರು.

"ಮೊದಲ ಪಂಕ್ತಿಲೇ ಕೂರಿಸಿದ್ರು."

ಅಪ್ಪ ಎಂದಿನಂತೆ ನನ್ನ ಸಾಮಾನು ಒರೆಸಿಡಲು ಬ್ಯಾಗ್ ಬಿಚ್ಚಿದರು. ಟಾಂಗ್ ಮೂಗಿನ ಹತ್ತಿರ ಹಿಡಿದು ಮೂಸಿದರು.

"ಒದ್ದೆ ಕೂದಲು ಸುಟ್ಟಿದೆ. ಇದು ನಿನ್ನ ಕೈ ಕೆಲಸ ಅಲ್ಲ."

ನಾನು ಕ್ಲಿಪ್ಪುಗಳನ್ನು ಎಣಿಸತೊಡಗಿದೆ.

"ಎಲ್ಲಿ ನಿಲ್ಸಿದ್ರು? ಹಿತ್ಲಲ್ಲಾ?"

"ಇಲ್ಲ. ನಡುಮನೆ ಹೊಸ್ತಿಲಲ್ಲಿ."

ಅಪ್ಪ ಕೋಲಿಗೆ ಅಂಟಿದ್ದ ಕರಿಯನ್ನು ಉಗುರಿನಿಂದ ಕೆರೆದು ತೆಗೆದರು. "ಅನ್ನ ಬಿಸಿ ಇದೆ. ಕೈ ತೊಳ್ಕೊಂಡು ಬಾ" ಎಂದರು.