ನಾಲ್ಕು ಹೆಸರಿನ ಗೋಲ್‌ಕೀಪರ್

ಥಾಯ್ಲೆಂಡಿನ ಐಸ್ ಹಾಕಿ ತಂಡದಲ್ಲಿ ನಾನೂ ಇದ್ದೇನೆ ಎಂದರೆ ಯಾರೂ ನಂಬುವುದಿಲ್ಲ. ನಂಬದವರೇ ಜಾಣರು. ತಂಡ ಅಂದಮೇಲೆ ಇಬ್ಬರು ಗೋಲ್‌ಕೀಪರ್‌ಗಳಿರಬೇಕೆಂಬ ನಿಯಮವಿದೆ. ಪ್ಯಾಡು ನನ್ನ ಕಾಲಿಗೆ ಸರಿಹೋಗುತ್ತಿತ್ತು. ಹಾಗಾಗಿ ನಾನು ಎರಡನೆಯವ. ಇಷ್ಟು ವರ್ಷದಲ್ಲಿ ದೇಶಕ್ಕೆ ನಾನು ಸಲ್ಲಿಸಿದ ಸೇವೆಯೆಂದರೆ ಆಟಗಾರರು ಐಸಿಗೆ ಹೋಗಿಬರುವಾಗ ಬೆಂಚಿನ ಮುಂದಿನ ಬಾಗಿಲು ತೆಗೆದು ಮುಚ್ಚಿದ್ದು. ಒಮ್ಮೆ ಅದನ್ನೂ ಅವಸರದಲ್ಲಿ ಮುಚ್ಚಿ ನಮ್ಮ ಕ್ಯಾಪ್ಟನ್ನಿನ ಬೆರಳು ಜಜ್ಜಿದ್ದೆ. ಹೊಟ್ಟೆಪಾಡಿಗೆ, ಬ್ಯಾಂಕಾಕಿನ ಮಾಲೊಂದರ ಏಳನೇ ಮಹಡಿಯ ಐಸ್ ರಿಂಕಿನಲ್ಲಿ ಮೈಕ್ ಹಿಡಿದು "ಮಕ್ಕಳೇ, ನಡೂಮಧ್ಯೆ ನಿಲ್ಲಬೇಡಿ" ಎಂದು ದಿನವಿಡೀ ಕೂಗುತ್ತೇನೆ. ಮಕ್ಕಳು ನಡೂಮಧ್ಯೆಯೇ ನಿಲ್ಲುತ್ತಾರೆ.

ಮೊದಲನೆಯ ಗೋಲ್‌ಕೀಪರ್ ತಾವ್ ಅಣ್ಣ. ಅದೇ ರಿಂಕಿನಲ್ಲಿ ಬಾಡಿಗೆಗೆ ಸ್ಕೇಟ್ ಶೂ ಕೊಡುವ ಕೌಂಟರಿನಲ್ಲಿ ಕೂರುವವನು. ತಾವ್ ಅಂದರೆ ಆಮೆ. ನನ್ನನ್ನು ಕರೆಯುವುದು ಕೊಪ್, ಅಂದರೆ ಕಪ್ಪೆ. ನಮ್ಮಲ್ಲಿ ಹೀಗೇ. ಮಗುವನ್ನು ಚೆಂದದ ಹೆಸರಿನಿಂದ ಕರೆದರೆ ದೆವ್ವಕ್ಕೆ ಆಸೆ ಹುಟ್ಟುತ್ತದೆಂದು ಅಜ್ಜಿಯರು ಹಂದಿ, ಸೀಗಡಿ ಎಂದೆಲ್ಲ ಕರೆದುಬಿಡುತ್ತಾರೆ. ಚೆಂದದ ಹೆಸರು ಸರ್ಕಾರಿ ಕಾಗದದಲ್ಲಿ ಬೆಚ್ಚಗೆ ಮಲಗಿರುತ್ತದೆ, ಅದನ್ನು ಯಾರೂ ಎಬ್ಬಿಸುವುದಿಲ್ಲ. ತಾವ್ ಅಣ್ಣ ಎಬ್ಬಿಸಿದ. ಒಂದು ಸಲವಲ್ಲ, ಮತ್ತೆ ಮತ್ತೆ.

ಅವನು ಗೋಲ್‌ಕೀಪರ್ ಆದದ್ದೇ ಒಂದು ವಿಚಿತ್ರ. ರಿಂಕಿಗೆ ಆಡಲು ಬರುತ್ತಿದ್ದ ಫಿನ್ಲೆಂಡಿನ ಇಂಜಿನಿಯರೊಬ್ಬ ಊರಿಗೆ ಹೊರಟಾಗ, ಪ್ಯಾಡು ಹೆಲ್ಮೆಟ್ಟು ತುಂಬಿದ ಭಾರಿ ಚೀಲವನ್ನು ಕೌಂಟರಿನ ಹಿಂದೆ ಬಿಟ್ಟು ಹೋದ. ಚೀಲ ನಾರತೊಡಗಿತು. ಅದನ್ನು ಬಿಸಿಲಿಗೆ ಹಾಕಲು ತಾರಸಿಗೆ ಒಯ್ಯಬೇಕಾಗಿದ್ದ ತಾವ್ ಅಣ್ಣ, ಹೊರುವುದಕ್ಕಿಂತ ತೊಡುವುದೇ ಸುಲಭವೆಂದು ಎಲ್ಲವನ್ನೂ ತೊಟ್ಟುಕೊಂಡು ಮೆಟ್ಟಿಲು ಹತ್ತಿದ. ಹೊಸದಾಗಿ ರಾಷ್ಟ್ರೀಯ ತಂಡ ಕಟ್ಟುತ್ತಿದ್ದ ಕೋಚ್ ಎದುರಿಗೆ ಸಿಕ್ಕರು. ತಂಡದಲ್ಲಿ ಹಲ್ಲಿನ ಡಾಕ್ಟರಿದ್ದ, ವಿಮಾನದಲ್ಲಿ ಊಟ ಬಡಿಸುವವನಿದ್ದ, ಚಿನ್ನದಂಗಡಿಯ ಮಕ್ಕಳಿದ್ದರು. ಎಲ್ಲರಿಗೂ ಚೆಂಡಿನ ಬದಲಿನ ರಬ್ಬರ್ ಬಿಲ್ಲೆಯನ್ನು ಬಾರಿಸಿ ಗೋಲು ಹೊಡೆಯುವ ಆಸೆ, ಎದುರಿಗೆ ನಿಲ್ಲಲು ಒಬ್ಬನೂ ಇಲ್ಲ.

"ನಿಂತ್ಕೋತೀಯೇನಯ್ಯಾ?" ಎಂದರಂತೆ ಕೋಚ್.

"ಎಲ್ಲಿ ಸಾರ್?" ಎಂದನಂತೆ ಇವನು. ಆಯ್ಕೆ ಮುಗಿಯಿತು.

ಮೊದಲ ಅಂತಾರಾಷ್ಟ್ರೀಯ ಪಂದ್ಯ ಮಂಗೋಲಿಯಾದ ಎದುರು, ಅವರದೇ ಉಲಾನ್‌ಬಾತರಿನಲ್ಲಿ. ನಮ್ಮ ಐಸು ಕರೆಂಟಿನದು, ಅವರದು ಆಕಾಶದ್ದು. ಆ ಬಯಲಿನ ಗಾಳಿಗೆ ನಮ್ಮವರ ಮೂಗೇ ಮರಗಟ್ಟಿಹೋಯಿತು. ಹದಿನೇಳು ಗೋಲು ಬಿತ್ತು, ನಮ್ಮದು ಸೊನ್ನೆ. ಊರಿಗೆ ಬಂದ ತಾವ್ ಅಣ್ಣ ನೆಟ್ಟಗೆ ಬೌದ್ಧ ವಿಹಾರಕ್ಕೆ ಹೋಗಿ ಹಿರಿಯ ಭಿಕ್ಷುವಿನ ಮುಂದೆ ಕೂತ. ಅವರು ಹುಟ್ಟಿದ ವಾರ ಕೇಳಿ, ಆ ವಾರಕ್ಕೆ ಆಗಿಬಾರದ ಅಕ್ಷರವೊಂದು ಹೆಸರಿನಲ್ಲಿ ಕೂತಿದೆ ಎಂದರು. ಹಾಗೆ ಕಾಗದದಲ್ಲಿದ್ದ ಬುನ್‌ಲೆತ್ ಹೋಗಿ ಥನಾದೋನ್ ಬಂದ. ಮುಂದಿನ ಪಂದ್ಯಾವಳಿಯಲ್ಲಿ ಥನಾದೋನನೂ ಸೋತ. ಅತ್ಸದಾವುತ್ ಬಂದ, ಅವನು ಸ್ವಲ್ಪ ಕಡಿಮೆ ಸೋತ. ಪ್ರತಿ ಸಲವೂ ಹಳೇ ಹೆಸರಿನ ಕಾಗದಪತ್ರವನ್ನೆಲ್ಲ ಬಾಳೆದಿಂಡಿನ ಪುಟ್ಟ ತೆಪ್ಪದಲ್ಲಿಟ್ಟು, ದೀಪ ಹಚ್ಚಿ, ನದಿಗೆ ಬಿಟ್ಟು ಕೈಮುಗಿಯುತ್ತಿದ್ದ.

ಇದನ್ನೆಲ್ಲ ಅವನು ನಿಜವಾಗಿ ನಂಬುತ್ತಾನೋ ಅಥವಾ ನಮ್ಮನ್ನು ಆಡಿಸುತ್ತಾನೋ ಎಂಬುದು ನನ್ನ ತಲೆ ತಿನ್ನುತ್ತಿದ್ದ ಪ್ರಶ್ನೆ. ಮೈಕ್ ಮುಂದೆ ಕೂತವನಿಗೆ ಬೇರೇನು ಕೆಲಸ? ಕೆದಕುತ್ತಿದ್ದೆ.

"ಅಣ್ಣಾ, ಉಲಾನ್‌ಬಾತರಲ್ಲಿ ಆವತ್ತು ಏನಾಯ್ತು?"

"ನಂಗೇನು ಗೊತ್ತು? ನಿಂತಿದ್ದೋನು ಬುನ್‌ಲೆತ್. ಅವನನ್ನೇ ಕೇಳು."

"ಅವನೆಲ್ಲಿದಾನೆ?"

"ಈ ಹೊತ್ತಿಗೆ ಸಮುದ್ರ ಸೇರಿರ್ತಾನೆ."

ಮುಖದಲ್ಲಿ ಒಂದು ಗೆರೆ ಅಲುಗುತ್ತಿರಲಿಲ್ಲ. ಮಾಲಿನ ಹಿಂದಿನ ಗೇಟಿನಲ್ಲಿ ಪಪ್ಪಾಯಿಕಾಯಿ ಕೋಸಂಬರಿ ಕುಟ್ಟಿ ಮಾರುವ ಅವನ ಹೆಂಡತಿ ಜಿಯಪ್ ಅತ್ತಿಗೆಯನ್ನು ಕೇಳಿದೆ.

"ಅಯ್ಯೋ ಹೋಗೋ ಕಪ್ಪೆ! ನಾನು ಕಟ್ಕೊಂಡಿದ್ದು ಬುನ್‌ಲೆತ್‌ನ. ಈಗ ಮನೇಲಿ ಉಣ್ಣೋನು ನಾಲ್ಕನೆಯವನು. ಓಣಿಯವರು ನನ್ನ ಏನಂದ್ಕೊಂಡಿರ್ಬೇಕು ಹೇಳು," ಎಂದು ಹಸಿಮೆಣಸಿನಕಾಯಿಯನ್ನು ಅದೇ ನಾಲ್ಕನೆಯವನೆಂಬಂತೆ ಜಜ್ಜಿದಳು.

ನಾಲ್ಕನೆಯವನು ಬಂದದ್ದು ಹೀಗೆ. ಈ ವರ್ಷ ಏಷ್ಯಾದ ಸಣ್ಣ ತಂಡಗಳ ಕಪ್ ಪಂದ್ಯಾವಳಿ ನಮ್ಮ ರಿಂಕಿನಲ್ಲೇ ನಡೆಯಬೇಕೆಂದಾಯಿತು. ಭಾನುವಾರ ಮಧ್ಯಾಹ್ನ ಮೊದಲ ಪಂದ್ಯ, ಎದುರಿಗೆ ಅದೇ ಮಂಗೋಲಿಯಾ. ಕೋಚ್ ತಾವ್ ಅಣ್ಣನನ್ನು ಕರೆದು ಮುಚ್ಚುಮರೆಯಿಲ್ಲದೆ ಹೇಳಿದರು: ಕೆನಡಾದಲ್ಲಿ ಬೆಳೆದ ನಮ್ಮ ಹುಡುಗನೊಬ್ಬ ಮಂಗಳವಾರ ಬಂದಿಳಿಯುತ್ತಾನೆ, ಅಲ್ಲಿಂದಾಚೆಗೆ ಗೋಲು ಅವನದು. ನಲವತ್ತು ದಾಟಿದ ತಾವ್ ಅಣ್ಣನಿಗೆ ಉಳಿದದ್ದು ಈ ಒಂದೇ ಪಂದ್ಯ. ಅದಕ್ಕೆ ಅವನು ತನಗೆ ತಿಳಿದ ರೀತಿಯಲ್ಲೇ ತಯಾರಾದ. ವಿಹಾರಕ್ಕೆ ಹೋಗಿ ಫೂವನಾತ್ ಆಗಿ ಬಂದ, ಹೊಸ ಪಾಸ್‌ಪೋರ್ಟೂ ಮಾಡಿಸಿದ. ಆದರೆ ತಂಡದ ಪಟ್ಟಿ ಅದಕ್ಕೂ ಮೊದಲೇ ಹೋಗಿಯಾಗಿತ್ತು, ಅತ್ಸದಾವುತ್ ಎಂಬ ಹೆಸರಿನಲ್ಲಿ.

ಭಾನುವಾರ ಬೆಳಿಗ್ಗೆ ಪಾಸ್‌ಪೋರ್ಟ್ ತಪಾಸಣೆ, ರಿಂಕಿನ ಹುಟ್ಟುಹಬ್ಬದ ಕೋಣೆಯಲ್ಲಿ. ಗೋಡೆಯ ಮೇಲೆ ಟೋಪಿ ಹಾಕಿದ ಪೆಂಗ್ವಿನ್‌ಗಳು. ಮೇಜಿನ ಹಿಂದೆ ಪಂದ್ಯಾವಳಿಯ ಮುಖ್ಯಸ್ಥೆ, ಸಿಂಗಾಪುರದ ಮಿಸ್ ಕ್ವೆಕ್. ಇಂಗ್ಲಿಷ್ ಬರುತ್ತದೆಂಬ ಹುಸಿ ಕೀರ್ತಿ ನನಗಿದ್ದುದರಿಂದ ನಡುವೆ ನಾನು ದುಭಾಷಿ.

ಮಿಸ್ ಕ್ವೆಕ್ ಪಾಸ್‌ಪೋರ್ಟ್ ನೋಡಿ ಎದ್ದು ನಿಂತು ಕೈಕುಲುಕಿದರು. "ಪ್ಲೋಯ್‌ಸುವಾನ್ ಮನೆತನ! ಒಂದೇ ಮನೆ, ಒಂದೇ ಹುಟ್ಟಿದ ದಿನ, ನಾಲ್ಕು ಜನ ಗೋಲ್‌ಕೀಪರ್‌ಗಳು! ಮೂವರು ಅಂತ ಸ್ಮರಣ ಸಂಚಿಕೆಯಲ್ಲಿ ನಾನೇ ಬರೆಸಿದ್ದೆ, ಈಗ ನೋಡಿದ್ರೆ ನೀವೊಬ್ಬರು! ಒಂದೇ ಬಸಿರಲ್ಲಿ ನಾಲ್ವರನ್ನ ಹೆತ್ತ ನಿಮ್ಮ ತಾಯಿಗೆ ನನ್ನ ನಮಸ್ಕಾರ ತಿಳಿಸಿ."

ನಾನು ಇದನ್ನು ಥಾಯ್‌ಗೆ ತಿರುಗಿಸುವಷ್ಟರಲ್ಲಿ ಅವರ ಮುಖ ಗಂಭೀರವಾಯಿತು. "ಆದ್ರೆ ಇವತ್ತು ಆಡಬೇಕಾದವರು ಅತ್ಸದಾವುತ್. ನೀವು ಫೂವನಾತ್. ದಯವಿಟ್ಟು ಅವರನ್ನ ಕಳಿಸಿ."

"ಅವನು ಇಲ್ಲ ಮೇಡಂ," ಎಂದ ತಾವ್ ಅಣ್ಣ.

"ಎಲ್ಲಿ ಹೋದ್ರು?"

"ನದಿಗೆ ಬಿಟ್ಟೆ."

ನಾನು ಇದ್ದದ್ದನ್ನು ಇದ್ದಹಾಗೆ ಅನುವಾದಿಸಿದೆ. ಒಳ್ಳೆಯ ದುಭಾಷಿಯಾಗಿದ್ದರೆ ಅಲ್ಲಿ ಕೆಮ್ಮಿ ಸುಮ್ಮನಾಗುತ್ತಿದ್ದ.

ಮಿಸ್ ಕ್ವೆಕ್ ಮೆಲ್ಲಗೆ ಕೂತರು. "ಮತ್ತೆ... ಉಳಿದಿಬ್ಬರು?"

"ಅವರನ್ನೂ ಅಲ್ಲೇ ಬಿಟ್ಟೆ. ದೀಪ ಹಚ್ಚಿಯೇ ಬಿಟ್ಟಿದೀನಿ, ಮೇಡಂಗೆ ಹೇಳೋ."

ಅವರು ಫೋನಿಗೆ ಕೈ ಹಾಕಿದಾಗ ಕೋಚ್ ಓಡಿ ಬಂದು ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತು. ಹೇಳಿದ್ದು ನಂಬುವಂತಿರಲಿಲ್ಲ. ತೋರಿಸಲು ಹಳೇ ಕಾಗದವೊಂದೂ ಇರಲಿಲ್ಲ. ಭಾನುವಾರವಾದ್ದರಿಂದ ಸರ್ಕಾರಿ ಕಚೇರಿಗೆ ಬೀಗ. ಕೊನೆಗೆ ಮಿಸ್ ಕ್ವೆಕ್ ದಾರಿಯೊಂದನ್ನು ತೆಗೆದರು: ಈ ನಾಲ್ವರೂ ನಾನೊಬ್ಬನೇ ಎಂದು ಗೋಲ್‌ಕೀಪರ್ ಬರೆದು ಸಹಿ ಹಾಕಲಿ, ಹೌದೆನ್ನಲು ಎದುರು ತಂಡದಿಂದಲೇ ಒಬ್ಬ ಸಾಕ್ಷಿ ಬರಲಿ.

ತಾವ್ ಅಣ್ಣ ಪೆನ್ನು ತೆಗೆದುಕೊಂಡ. ಮುಚ್ಚಳ ಬಿಚ್ಚಿದವನು ಹಾಗೇ ನಿಂತ. "ಕೊಪ್, ಮೇಡಂನ ಒಂದು ಮಾತು ಕೇಳು. ನಾಲ್ಕೂ ಒಬ್ಬನೇ ಅಂತ ಬರೆದ್ರೆ, ಆ ಗೋಲುಗಳೆಲ್ಲ ಏನಾಗ್ತವೆ?"

"ಒಟ್ಟುಗೂಡಿಸ್ತೀವಿ. ಎಲ್ಲಾ ಇವರ ಹೆಸರಿಗೇ," ಎಂದರು ಮಿಸ್ ಕ್ವೆಕ್.

"ಹದಿನೇಳೂ?"

"ಹದಿನೇಳೂ."

ತಾವ್ ಅಣ್ಣ ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟ. "ಹಾಗಾದ್ರೆ ಬೇಡ ಬಿಡಿ," ಎಂದು ಹೊರಗೆ ನಡೆದೇಬಿಟ್ಟ.

ಕೋಚ್ ನಿಧಾನವಾಗಿ ನನ್ನ ಕಡೆ ತಿರುಗಿದರು. ಎರಡನೇ ಗೋಲ್‌ಕೀಪರ್ ಎಂಬುದು ಮರ್ಯಾದೆಗೆ ಕೊಟ್ಟ ಬಿರುದಲ್ಲ, ಅದಕ್ಕೊಂದು ಅರ್ಥವೂ ಇದೆ ಎಂಬುದು ಆಗ ನನಗೆ ಹೊಳೆಯಿತು. ನಾನು ತಾವ್ ಅಣ್ಣನನ್ನು ಹುಡುಕುತ್ತಾ ಓಡಿದೆ.

ಅವನು ಕೌಂಟರಿನ ಹಿಂದೆ ಕೂತು, ಯಾರೂ ಕೇಳದ ಶೂಗಳಿಗೆ ಲೇಸು ಪೋಣಿಸುತ್ತಿದ್ದ.

"ಅಣ್ಣಾ, ನಿನ್ನ ಕಾಲಿಗೆ ಬೀಳ್ತೀನಿ. ನಾನು ನಿಂತ್ರೆ ಹದಿನೇಳಲ್ಲ, ಎಪ್ಪತ್ತಾಗುತ್ತೆ."

"ಆಗಲಿ. ನೀನೂ ಹೆಸರು ಬದಲಾಯಿಸ್ಕೋ." ಲೇಸಿನ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡ. ಆಮೇಲೆ ಬೇರೆಯದೇ ಧ್ವನಿಯಲ್ಲಿ, "ಇಷ್ಟು ವರ್ಷ ಒಂದೊಂದನ್ನೇ ದೂರ ತಳ್ಳಿ ಬಂದಿದೀನೋ. ಎಲ್ಲಾ ಒಂದೇ ಸಲ ವಾಪಸ್ ಬಂದ್ರೆ ಆ ಗೋಲಲ್ಲಿ ನನಗೆ ನಿಲ್ಲೋಕೆ ಜಾಗ ಎಲ್ಲಿರುತ್ತೆ?"

ಅಷ್ಟರಲ್ಲಿ ಕೌಂಟರಿನ ಆಚೆ ಗೋಡೆಯಂಥ ಒಬ್ಬ ಮನುಷ್ಯ ಬಂದು ನಿಂತ. ಮಂಗೋಲಿಯಾದ ಕ್ಯಾಪ್ಟನ್. ತಾವ್ ಅಣ್ಣನದೇ ವಯಸ್ಸು, ಊರಲ್ಲಿ ಟ್ರಾಲಿ ಬಸ್ಸು ಓಡಿಸುತ್ತಾನಂತೆ. ಅವನ ಇಂಗ್ಲಿಷ್ ನನ್ನದಕ್ಕಿಂತ ಮುರುಕು. ಹಾಗಾಗಿ ನಮಗೆ ಚೆನ್ನಾಗಿ ಹೊಂದಿಕೆಯಾಯಿತು.

"ಸಾಕ್ಷಿ ಬೇಕು ಅಂದ್ರು. ಬಂದೆ," ಎಂದ. ತಾವ್ ಅಣ್ಣನನ್ನು ನೋಡಿ ಅಗಲವಾಗಿ ನಕ್ಕ. "ಇವನೇ! ಬಿಲ್ಲೆ ಬರೋ ಮೊದಲೇ ಎಡ ಮಂಡಿ ಊರ್ತಾನೆ. ಗೋಲಿನ ಕಂಬಕ್ಕೆ ತಾಗಿದ್ರೆ ಕಂಬಕ್ಕೇ ಕೈಮುಗೀತಾನೆ."

"ನಾನಲ್ಲ ಅವನು," ಎಂದ ತಾವ್ ಅಣ್ಣ. ಯಾಕಲ್ಲ ಎಂಬುದನ್ನು ನಾನು ವಿವರಿಸಿದೆ: ಹೆಸರು, ಭಿಕ್ಷು, ನದಿ, ಎಲ್ಲ. ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. ಕೌಂಟರಿನ ಮೇಲೆ ಮೊಣಕೈಯೂರಿ ಪೂರ್ತಿ ಕೇಳಿಸಿಕೊಂಡ.

"ನನ್ನ ಹೆಸರು ಎನೆಬಿಶ್. ಅರ್ಥ ಏನು ಗೊತ್ತಾ? 'ಇವನಲ್ಲ' ಅಂತ. ನನಗಿಂತ ಮುಂಚೆ ಹುಟ್ಟಿದ ಇಬ್ಬರು ತೀರ್ಕೊಂಡ್ರು. ದೆವ್ವ ಬಾಗಿಲಿಗೆ ಬಂದ್ರೆ 'ಇವನಲ್ಲ, ಇವನಲ್ಲ' ಅಂತ ನನ್ನಮ್ಮ ಕೂಗಬೇಕಲ್ಲ, ಅದಕ್ಕೇ. ನಿನ್ನ ಕಷ್ಟ ನಂಗೆ ಅರ್ಥವಾಗುತ್ತಪ್ಪಾ." ಆರು ಬೆರಳು ಎತ್ತಿ ತೋರಿಸಿದ. "ಆದ್ರೆ ಆ ಹದಿನೇಳರಲ್ಲಿ ಆರು ನಾನು ಹೊಡೆದಿದ್ದು. ಜೀವಮಾನದಲ್ಲಿ ಅದೊಂದು ದಿನ. ಬಸ್ಸಿನಲ್ಲಿ ಹತ್ತೋರು ಈಗಲೂ ಆರು ಗೋಲಿನ ಎನೆಬಿಶ್ ಅಂತಾರೆ. ನಿಂತಿದ್ದೋನು ನೀನಲ್ಲ, ಅವನು ಲೋಕದಲ್ಲೇ ಇಲ್ಲ ಅಂದ್ರೆ, ನಾನು ಹೊಡೆದಿದ್ದು ಯಾರಿಗೆ? ನೀನು ಬಿಟ್ಟ ತೆಪ್ಪದಲ್ಲಿ ನನ್ನ ಆರು ಗೋಲೂ ತೇಲಿಹೋದವು."

ಇದನ್ನು ನಾನು ಥಾಯ್‌ನಲ್ಲಿ ಹೇಳಿದೆ. ತಾವ್ ಅಣ್ಣ ಲೇಸನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದ. ಆಮೇಲೆ ಒಂದೇ ಮಾತು ಹೇಳಿದ.

"ಆರಲ್ಲ, ಐದು ಅಂತ ಹೇಳು ಅವನಿಗೆ. ಒಂದು ನಮ್ಮ ಹಲ್ಲಿನ ಡಾಕ್ಟರ ಶೂಗೆ ತಾಗಿ ಒಳಗೆ ಹೋಗಿದ್ದು."

ಎನೆಬಿಶ್ ಹಣೆ ಉಜ್ಜಿಕೊಂಡ. "ಅದು ಗೋಲಲ್ಲಿ ನಿಂತಿದ್ದೋನಿಗೆ ಮಾತ್ರ ಗೊತ್ತಿರೋದು. ಅದನ್ನೂ ಬರಕೊಡ್ತೀಯಾ?"

"ಬೇಡ ಬಿಡು. ಆರೇ ಇರಲಿ," ಎಂದು ತಾವ್ ಅಣ್ಣ ಎದ್ದ.

ಪೆಂಗ್ವಿನ್ ಕೋಣೆಯಲ್ಲಿ ಅವನು ನಾಲ್ಕು ಹೆಸರನ್ನೂ ಒಂದರ ಕೆಳಗೊಂದು ಬರೆದ. ಬುನ್‌ಲೆತ್ ಎಂದು ಬರೆಯುವಾಗ ಕೈ ಮಾತ್ರ ತುಸು ನಿಧಾನವಾಯಿತು. ಮಿಸ್ ಕ್ವೆಕ್ ಸಾಕ್ಷಿಯತ್ತ ತಿರುಗಿ ಹೆಸರು ಕೇಳಿದರು.

"ಎನೆಬಿಶ್," ಎಂದ ಅವನು. ನಾನು ಸುಮ್ಮನಿರಲಾರದೆ ಅರ್ಥವನ್ನೂ ಸೇರಿಸಿದೆ, "ಇವನಲ್ಲ."

"ಇವರಲ್ಲದಿದ್ರೆ ಮತ್ಯಾರು?" ಎಂದು ಅವರು ಪೆನ್ನು ಎತ್ತಿ ಹಿಡಿದು ಬಾಗಿಲ ಕಡೆ ನೋಡಿದರು. ಅದನ್ನು ಸರಿಪಡಿಸುವಷ್ಟರಲ್ಲಿ ಪಂದ್ಯದ ಹೊತ್ತಾಗಿತ್ತು.

ಪಂದ್ಯದ ವಿಷಯ ಹೆಚ್ಚು ಹೇಳಲಾರೆ. ಬಾಗಿಲು ಕಾಯುವವನಿಗೆ ಅರ್ಧ ಆಟ ಕಾಣುವುದಿಲ್ಲ. ಕಂಡಷ್ಟರಲ್ಲಿ ತಾವ್ ಅಣ್ಣ ಎರಡು ಸಲ ಕಂಬಕ್ಕೆ ಕೈಮುಗಿದ. ಒಂದು ಸಲ ಬಿಲ್ಲೆಯನ್ನು ಹೊಟ್ಟೆಯಡಿ ಹಾಕಿಕೊಂಡು ಮೇಲೆ ಬಿದ್ದ ಐದಾರು ಜನರನ್ನೂ ಹೊತ್ತು ಮಲಗಿದ. ನಾವು ಎರಡು ಗೋಲು ಹೊಡೆದೆವು, ಅವರೂ ಎರಡು. ಆಟ ಮುಗಿಯಲಿಕ್ಕಿದ್ದಾಗ ಎನೆಬಿಶ್ ಒಬ್ಬನೇ ನುಗ್ಗಿ ಬಂದು ಮೂರನೆಯದನ್ನು ಹೊಡೆದ. ಸೋತೆವು.

ಎರಡೂ ತಂಡದ ಒಬ್ಬೊಬ್ಬ ಒಳ್ಳೆಯ ಆಟಗಾರನಿಗೆ ಬಹುಮಾನವೆಂದು ಫ್ಲಾಸ್ಕ್ ಕೊಡುವುದಿತ್ತು. ಮಿಸ್ ಕ್ವೆಕ್ ನನ್ನ ಮೈಕ್ ತೆಗೆದುಕೊಂಡು, ಇನ್ನು ತಪ್ಪಾಗಬಾರದೆಂಬ ಎಚ್ಚರದಲ್ಲಿ, ಬರೆದುಕೊಟ್ಟದ್ದನ್ನೆಲ್ಲ ಓದಿದರು: "ಬುನ್‌ಲೆತ್, ಥನಾದೋನ್, ಅತ್ಸದಾವುತ್, ಫೂವನಾತ್ ಪ್ಲೋಯ್‌ಸುವಾನ್!" ಜನ ನಾಲ್ವರಿಗಾಗಿ ಕಾದರು. ಒಬ್ಬನೇ ಜಾರಿಕೊಂಡು ಬಂದ.

"ಹಾಗಾದ್ರೆ ನಾಲ್ಕು ಫ್ಲಾಸ್ಕ್ ಕೊಡಿ ಮತ್ತೆ!" ಎಂದು ಪ್ರೇಕ್ಷಕರ ಸಾಲಿನಿಂದ ಜಿಯಪ್ ಅತ್ತಿಗೆ ಕೂಗಿದ್ದು ಮೈಕ್ ಇಲ್ಲದೆಯೂ ಇಡೀ ಮಹಡಿಗೆ ಕೇಳಿಸಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ ನಾನು ಅವನ ಪ್ಯಾಡಿನ ಪಟ್ಟಿ ಬಿಚ್ಚುತ್ತಿದ್ದೆ. ಏನೂ ಕೇಳಿರಲಿಲ್ಲ. ಅವನೇ ಶುರುಮಾಡಿದ.

"ಈ ಮೂರನೇದು ಇದೆಯಲ್ಲ, ಮಂಡಿ ಬೇಗ ಊರಿಬಿಟ್ಟೆ. ಕಾಯಬೇಕಿತ್ತು. ಉಲಾನ್‌ಬಾತರಲ್ಲೂ ಮೊದಲನೇದು ಹೀಗೇ ಹೋಗಿತ್ತು. ಬಿಸಿಲು ಅವನ ಬೆನ್ನಿಗಿತ್ತು, ನನ್ನ ರೆಪ್ಪೆ ಮೇಲೆ ಮಂಜು ಕೂತಿತ್ತು, ಬಿಲ್ಲೆಗಿಂತ ಮುಂಚೆ ಅದರ ನೆರಳು ಬಂತು. ನೆರಳನ್ನ ಹಿಡಿದೆ ನೋಡು ನಾನು. ಎರಡನೇದು ಬೇರೆ ಥರ..."

ನಾನು ಪಟ್ಟಿ ಬಿಚ್ಚುವುದನ್ನು ಬಿಟ್ಟು ನೆಲದ ಮೇಲೆ ಕೂತೆ. ಯಾರು ಯಾವ ಕಡೆಯಿಂದ ಬಂದರು, ಯಾವುದು ಕಾಲಸಂದಿಯಲ್ಲಿ ನುಸುಳಿತು, ಯಾವುದು ಕಿವಿಯ ಪಕ್ಕದಲ್ಲಿ ಸಿಳ್ಳೆ ಹಾಕಿಕೊಂಡು ಹೋಯಿತು, ಒಂದೊಂದನ್ನೂ ಸಾಲಾಗಿ ಹೇಳುತ್ತಾ ಹೋದ. ಒಂದನ್ನೂ ಮರೆತಿರಲಿಲ್ಲ.

ಬಾಗಿಲಲ್ಲಿ ಜಿಯಪ್ ಅತ್ತಿಗೆ ಫ್ಲಾಸ್ಕ್ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. "ಅನ್ನ ಆರಿ ಹೋಗ್ತಿದೆ. ಬರ್ತೀಯೋ ಇಲ್ವೋ?"

"ಇರೇ," ಎಂದ ತಾವ್ ಅಣ್ಣ, ಕೈ ಗಾಳಿಯಲ್ಲೇ ಇತ್ತು, "ಇನ್ನೂ ಒಂಬತ್ತನೇದರಲ್ಲಿದೀನಿ."