ನೀರು ಹೋಗುವ ತನಕ

ಕಳೆದ ತಿಂಗಳು ಡೊಂಬಿವಲಿಯ ಒಂದು ಹೊಸ ಫ್ಲ್ಯಾಟಿನ ಬಚ್ಚಲಿಗೆ ಒಂದು ಬಾಟಲಿ ನೀರು ಸುರಿದು, ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕುಳಿತುಬಿಟ್ಟೆ.

ಬಿಲ್ಡರ್ ಕಡೆಯ ಮನುಷ್ಯ ಗಾಬರಿಯಾದ. "ಮಾಜೀ, ಕ್ಯಾ ಹುವಾ? ಚಕ್ಕರ್ ಆಯಾ ಕ್ಯಾ?"

ತಲೆಸುತ್ತೂ ಇಲ್ಲ, ಏನೂ ಇಲ್ಲ. ನೀರು ಯಾವ ಕಡೆ ಹೋಗುತ್ತದೆ ಎಂದು ನೋಡುತ್ತಿದ್ದೆ, ಅಷ್ಟೇ. ಆದರೆ ನಾಲ್ಕು ಜನರ ಮುಂದೆ ಅದನ್ನು ಬಾಯಿಬಿಟ್ಟು ಹೇಳುವುದು ನನ್ನಿಂದ ಆಗದ ಕೆಲಸ. (ಮೊಮ್ಮಕ್ಕಳಿಗೆಂದು ಬರೆಯುವ ಈ ಪುಟವನ್ನು ನೀವೂ ಓದುತ್ತೀರಿ. ನನ್ನ ಮಾತೆಲ್ಲ ಕಾಗದದ ಮೇಲೆಯೇ ಎಂಬುದು ನಿಮಗೆ ಗೊತ್ತು.)

ಈ ನೀರಿನ ಪರೀಕ್ಷೆ ನನ್ನದಲ್ಲ, ನನ್ನ ಯಜಮಾನರದು.

ಅವರು ಗೌಂಡಿ, ಗಾರೆ ಕೆಲಸದವರು. ವಿಜಯಪುರದ ಕಡೆಯಿಂದ ಬಂದು ಥಾಣೆ, ಕಲ್ಯಾಣ, ನವಿ ಮುಂಬೈಯಲ್ಲಿ ಮನೆ ಕಟ್ಟಿದವರು. ನಾನು ಸಿಮೆಂಟಿನ ಬುಟ್ಟಿ ಹೊತ್ತವಳು. ಸೀವುಡ್ಸ್ ಕಡೆ ದೊಡ್ಡ ಕಟ್ಟಡಗಳು ಏಳುವಾಗ ಅವುಗಳ ಕಾಲಬುಡದ ತಗಡಿನ ಶೆಡ್ಡೇ ನಮ್ಮ ಮನೆ. ಕಟ್ಟಡ ಮುಗಿಯಿತು ಎಂದರೆ ನಾವು ಗಂಟು ಕಟ್ಟಬೇಕು. ಬಚ್ಚಲಿಗೆ ಟೈಲ್ಸ್ ಹಾಕಿದ ಮೇಲೆ ಅವರು ಒಂದು ತಂಬಿಗೆ ನೀರು ಸುರಿದು ಕೂರುತ್ತಿದ್ದರು. ಕೆಲಸ ನೋಡಿಕೊಳ್ಳುವ ಮುಕಾದಮ ಬೈಯುತ್ತಿದ್ದ. ಇವರದು ಒಂದೇ ಉತ್ತರ: "ನೀರ ಹೋಗೂತನಕಾ ನಾನೂ ಹೋಗಾಂವಲ್ಲ."

ಅವರು ಹೋಗಿ ಒಂಬತ್ತು ವರ್ಷವಾಯಿತು. ಅಷ್ಟೊಂದು ಮನೆ ಕಟ್ಟಿದರು. ನಮ್ಮದು ಎಂಬ ಒಂದು ಬಚ್ಚಲು ಮಾತ್ರ ಆಗಲಿಲ್ಲ.

ಈಗ ನನ್ನ ಮೊಮ್ಮಗಳು ಭಾಗ್ಯಾ ಮನೆ ಕೊಳ್ಳಲು ಹೊರಟಿದ್ದಳು. ಮಹಾಪೆಯ ಒಂದು ಆಫೀಸಿನಲ್ಲಿ ಅವಳಿಗೆ ಕೆಲಸ. ನಾನೂ ಅವಳೂ ಬಾಡಿಗೆಗೆ ಇರುವವರು. ಹನ್ನೊಂದು ತಿಂಗಳಿಗೊಮ್ಮೆ ಕರಾರು ಮುಗಿಯುತ್ತದೆ, ಮಾಲೀಕನ ಮುಖ ನೋಡಬೇಕು. ಆರು ವರ್ಷ ಉಳಿಸಿದ ದುಡ್ಡು, ಮೇಲೆ ಬ್ಯಾಂಕಿನ ಸಾಲ. ಒಂದು ಸಲ ಕೈ ತಪ್ಪಿದರೆ ಮತ್ತೆ ಕೂಡಿಸಲು ಅವಳ ಅರ್ಧ ಆಯುಷ್ಯ ಬೇಕು.

ಹಾಗಾದರೆ ನಂಬುವುದು ಯಾರನ್ನು?

ನನಗೆ ಉತ್ತರ ಸುಲಭವಿತ್ತು. ನಮ್ಮವರನ್ನು!

ಕಲ್ಯಾಣದಲ್ಲಿ ಒಬ್ಬ ಏಜೆಂಟ್ ಸಿಕ್ಕ. ಫೋನ್ ಎತ್ತಿದ ಕೂಡಲೇ ಕನ್ನಡ. "ಆಯಿ, ನಾನೂ ಸಿಂದಗಿ ಕಡಿಯಾಂವ ರೀ. ನಮ್ಮ ಮಂದಿ ಮನಿ ಮಾಡ್ಕೊಂಡ್ರ ನನಗ ಹಬ್ಬ!" ನನ್ನ ಎದೆ ಹಿಗ್ಗಿಹೋಯಿತು. ತನ್ನ ಕಾರಿನಲ್ಲೇ ಕರೆದೊಯ್ದ. ಚಹಾ ಕುಡಿಸಿದ. ಏಳನೇ ಮಹಡಿಯ ಫ್ಲ್ಯಾಟ್. ಗಾಳಿ, ಬೆಳಕು, ದೂರದಲ್ಲಿ ಗುಡ್ಡ.

ಚೀಲದಲ್ಲಿ ನೀರಿನ ಬಾಟಲಿ ಇತ್ತು. ತೆಗೆಯಲಿಲ್ಲ. ನಮ್ಮೂರಿನವನ ಎದುರು ಪರೀಕ್ಷೆ ಮಾಡುವುದೇ? ಅವಮಾನವಲ್ಲವೇ?

ಭಾಗ್ಯಾಳಿಗೆ ಇಂಥ ಸಂಕೋಚವಿಲ್ಲ. "ಅಂಕಲ್, ನಿಮ್ಮ ರೇರಾ ನಂಬರ್?" ಎಂದು ಕೇಳಿಯೇಬಿಟ್ಟಳು. (ಮಹಾರಾಷ್ಟ್ರದಲ್ಲಿ ಕಟ್ಟಡವೂ ಏಜೆಂಟನೂ ಸರಕಾರದ ಈ ಪಟ್ಟಿಯಲ್ಲಿ ಹೆಸರು ಬರೆಸಿರಬೇಕಂತೆ. ಫೋನಿನಲ್ಲೇ ನೋಡಬಹುದಂತೆ.)

ಅವನು ನನ್ನ ಕಡೆ ತಿರುಗಿ ನಕ್ಕ. "ಏನ್ರಿ ಆಯಿ, ನಮ್ಮ ನಮ್ಮಾಗ ನಂಬರ್ ಎದಕ್ಕ ಬೇಕ್ರಿ? ವಾಟ್ಸ್ಯಾಪ್ ಮಾಡ್ತೀನಿ ತಗೋರಿ. ಸಂಜಿತನಕಾ ಟೋಕನ್ ರೊಕ್ಕ ಕೊಟ್ಟಬಿಡ್ರಿ. ಇನ್ನೊಂದ ಪಾರ್ಟಿ ತುದಿಗಾಲ ಮ್ಯಾಲ ನಿಂತೈತಿ."

ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಮೊಮ್ಮಗಳ ಮೇಲೆ!

ಲೋಕಲ್ ಟ್ರೇನಿನಲ್ಲಿ ಬೈದೆ. "ಹಿರ್ಯಾರಿಗೆ ಹಂಗ ಕೇಳ್ತಾರೇನು? ಅಷ್ಟ ಮರ್ಯಾದಿ ಕೊಟ್ಟು ಕರ್ಕೊಂಡ ಹೋದ್ರ, ಪೊಲೀಸ್ನಂಗ ವಿಚಾರಣಿ!"

"ಆಯಿ, ಏಕ್ ಮಿನಿಟ್ ರುಕ್ ನಾ." ಅವಳ ಕಣ್ಣು ಫೋನಿನಲ್ಲಿ. ಕಟ್ಟಡದ ಗೇಟಿನ ಬೋರ್ಡಿನಲ್ಲಿದ್ದ ನಂಬರಿನ ಫೋಟೋ ಹೊಡೆದುಕೊಂಡಿದ್ದಳು. ನಾನದನ್ನು ಗಮನಿಸಿರಲೇ ಇಲ್ಲ. ಸ್ವಲ್ಪ ಹೊತ್ತಿಗೆ ಫೋನ್ ನನ್ನ ಮುಖಕ್ಕೆ ಹಿಡಿದಳು. ಮಂಜೂರಾದ ನಕ್ಷೆ ಅದು.

"ಎಣಿಸು, ಆಯಿ."

ಎಣಿಸಿದೆ. ಮತ್ತೊಮ್ಮೆ ಎಣಿಸಿದೆ. ಕಾಗದದಲ್ಲಿ ಕಟ್ಟಡ ಐದನೇ ಮಹಡಿಗೇ ಮುಗಿದಿತ್ತು. ಹಾಗಾದರೆ ಅಷ್ಟು ಹೊತ್ತು ನಾನು ನಿಂತು ಗುಡ್ಡ ನೋಡಿದ್ದು ಯಾವುದರ ಮೇಲೆ?

ಅವನ ನಂಬರ್ ವಾಟ್ಸ್ಯಾಪಿಗೆ ಇವತ್ತಿನ ತನಕ ಬಂದಿಲ್ಲ. ಅವನಿಗೆ ಎಲ್ಲ ಗೊತ್ತಿತ್ತೋ, ಕಮಿಶನ್ನಿನ ಅವಸರವೋ, ನಾನು ಹೇಳಲಾರೆ. ನನ್ನ ತಪ್ಪನ್ನು ಮಾತ್ರ ಹೇಳಬಲ್ಲೆ. ಊರು ಬಿಟ್ಟು ಬಂದವರಿಗೆ ನಮ್ಮ ಮಾತು ಕಿವಿಗೆ ಬಿದ್ದರೆ ಸಾಕು, ಅದನ್ನೇ ಗ್ಯಾರಂಟಿ ಕಾರ್ಡ್ ಅಂದುಕೊಂಡುಬಿಡುತ್ತೇವೆ. ಬಾಟಲಿ ಚೀಲದಲ್ಲೇ ಉಳಿಯುತ್ತದೆ.

ಆಮೇಲೆ ಭಾಗ್ಯಾಳ ಆಫೀಸಿನ ಗೆಳತಿಯೊಬ್ಬಳು ವೈಶಾಲಿ ಮೇಡಂ ಎಂಬ ಏಜೆಂಟರ ಹೆಸರು ಹೇಳಿದಳು. ನಲವತ್ತು ದಾಟಿದ ಹೆಂಗಸು, ಸ್ಕೂಟಿಯ ಮೇಲೆ ಬರುತ್ತಾರೆ. ಕನ್ನಡದ ಒಂದಕ್ಷರ ಬಾರದು. ಚಹಾ ಕುಡಿಸಲಿಲ್ಲ. ಕುಳಿತವರೇ ತಮ್ಮ ರೇರಾ ನಂಬರಿನ ಕಾಗದವನ್ನು ಮುಂದಿಟ್ಟರು. ಮರಾಠಿಯಲ್ಲಿ ಅವರು ಹೇಳಿದ್ದು ಇಷ್ಟು: "ಮೊದಲು ನನ್ನನ್ನು ಚೆಕ್ ಮಾಡಿ. ಮನೆ ಆಮೇಲೆ."

ಭಾಗ್ಯಾ ನನ್ನ ಕಡೆ ನೋಡಿದಳು. ನಾನು ಫ್ಯಾನ್ ನೋಡಿದೆ.

ಮೊದಲು ಅವರು ತೋರಿಸಿದ್ದು ಕಾರ್ಖಾನೆಗಳಿರುವ ಎಂಐಡಿಸಿ ಕಡೆಯ ಒಂದು ಮನೆ. ಭಾಗ್ಯಾಳಿಗೆ ಬಲು ಇಷ್ಟವಾಯಿತು. ವೈಶಾಲಿ ಮೇಡಂ ಅವಸರ ಬೇಡವೆಂದು ತಲೆಯಾಡಿಸಿದರು. "ಇವತ್ತು ಕಾರ್ಖಾನೆಗಳಿಗೆ ರಜೆ. ಕೆಲಸದ ದಿನ ಬಂದು ಕಿಟಕಿ ತೆಗೆದು ಹತ್ತು ನಿಮಿಷ ನಿಲ್ಲಿ. ಆಮೇಲೆ ಹೇಳಿ." ಹೋದೆವು. ಕಾರ್ಖಾನೆಗಳ ವಾಸನೆ ಹೊತ್ತ ಗಾಳಿ ನಮ್ಮ ಕಡೆಗೇ ಬೀಸಿತು. ನನ್ನ ಗಂಟಲು ಹಿಡಿಯಿತು. ಆ ಮನೆ ಬೇಡವೆಂದಾಯಿತು.

ಮಾರುವವರೇ ಹೀಗೆ ಹೇಳುವುದುಂಟೇ? ನಾನಂತೂ ಎಲ್ಲಿಯೂ ಕಂಡಿರಲಿಲ್ಲ.

ಎರಡನೆಯದೇ ಆ ಬಚ್ಚಲಿನ ಮನೆ. ಸ್ಟೇಶನ್ನಿನಿಂದ ನಡೆದುಹೋಗುವಷ್ಟು ದೂರ. ಕಾಗದಪತ್ರಗಳನ್ನು ವಕೀಲರಿಗೆ ತೋರಿಸಿಯಾಗಿತ್ತು. ವಾಸಕ್ಕೆ ಯೋಗ್ಯ ಎಂಬ ಓಸಿ ಕಾಗದವೂ ಇತ್ತು. ಮಹಡಿಗಳನ್ನು ಈ ಸಲ ನಾನೇ ನಕ್ಷೆಯಲ್ಲಿ ಎಣಿಸಿದ್ದೆ, ರಸ್ತೆಯಲ್ಲಿ ನಿಂತು ಕತ್ತು ಎತ್ತಿಯೂ ಎಣಿಸಿದ್ದೆ. ಈ ಸಲ ಬಾಟಲಿಯನ್ನೂ ತೆಗೆದೆ.

ನೀರು ಮೂಲೆಯ ತೂಬಿನ ಜಾಲಿಯ ಕಡೆ ಹೋಗಲಿಲ್ಲ. ಬಾಗಿಲ ಕಡೆ ಬಂದು, ನನ್ನ ಕಾಲ ಬೆರಳ ಹತ್ತಿರ ನಿಂತಿತು.

ಬಿಲ್ಡರ್ ಕಡೆಯವನು ನಕ್ಕ. "ಅರೇ ಮಾಜೀ, ಪೋಚಾ ಮಾರ್ ದೇನೇ ಕಾ!" ಒರೆಸಿಬಿಡಿ ಎಂದರ್ಥ. ದಿನಾ ಒರೆಸುವವಳು ನಾನಲ್ಲವೇ? ಅವನಿಗೇನು?

ಆಗ ವೈಶಾಲಿ ಮೇಡಂ ಫೋನನ್ನು ಪರ್ಸಿಗೆ ಹಾಕಿದರು. ಇಸ್ತ್ರಿ ಮಾಡಿದ ಸೀರೆ ಮುದುರಿ ನನ್ನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕುಳಿತರು. ಇಬ್ಬರೂ ನೀರನ್ನೇ ನೋಡಿದೆವು. ಐದು ನಿಮಿಷ ಕಳೆಯಿತು. ಅದು ಕದಲಲಿಲ್ಲ.

"ಆಜಿ, ಇದನ್ನು ಯಾರು ಕಲಿಸಿದರು ನಿಮಗೆ?" ಎಂದು ಮೇಡಂ ಕೇಳಿದರು.

ಹಿಂದಿನಿಂದ ಭಾಗ್ಯಾ ಹೇಳಿದಳು, ಎಲ್ಲರಿಗೂ ಕೇಳುವ ಹಾಗೆ: "ಮೇರೇ ದಾದಾ ಗೌಂಡಿ ಥೇ. ಆಧಾ ನವಿ ಮುಂಬೈ ಉನ್ಹೋಂನೇ ಬನಾಯಾ ಹೈ."

(ತಾತ ಗೌಂಡಿ ಎಂದದ್ದು ಸರಿ, ಅರ್ಧ ನವಿ ಮುಂಬೈ ಅವರೇ ಕಟ್ಟಿದ್ದು ಎಂದದ್ದು ಜಾಸ್ತಿಯಾಯಿತು. ಆದರೂ ನಾನು ತಿದ್ದಲಿಲ್ಲ.)

ಆಫೀಸಿನಲ್ಲಿ ತಾತನ ಕಸುಬನ್ನು ಇವಳು ಮುಚ್ಚಿಡುತ್ತಾಳೆ ಎಂದು ನಾನು ಇಷ್ಟು ದಿನ ಅಂದುಕೊಂಡಿದ್ದೆ. ಮುಚ್ಚಿಟ್ಟವಳು ನಾನು. ಪಕ್ಕದ ಮನೆಯವರು ಕೇಳಿದರೆ "ಕನ್‌ಸ್ಟ್ರಕ್ಷನ್ ಲೈನ್" ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದವಳು ನಾನೇ.

ವೈಶಾಲಿ ಮೇಡಂ ಎದ್ದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಟೈಲ್ಸ್ ಕಿತ್ತು, ಇಳಿಜಾರು ಸರಿಮಾಡಿ ಕೊಡುವ ತನಕ ರಿಜಿಸ್ಟ್ರೇಶನ್ ಇಲ್ಲ ಎಂದು ಬಿಲ್ಡರನಿಂದ ಬರೆಸಿಯೂ ತಂದರು. ಅದಾಗುವ ತನಕ ಅವರ ಕಮಿಶನ್ನಿಗೂ ತಡೆ. ಅದನ್ನು ಅವರೇ ಹೇಳಿ ನಕ್ಕರು.

ಮೊನ್ನೆ ಶನಿವಾರ ಮತ್ತೆ ಹೋದೆವು. ಬಾಟಲಿಯನ್ನು ನನ್ನ ಕೈಯಿಂದ ಕಸಿದು ಭಾಗ್ಯಾಳೇ ಸುರಿದಳು. ನೀರು ಕ್ಷಣ ನಿಂತು, ದಾರಿ ಗೊತ್ತಾದವರ ಹಾಗೆ ಜಾಲಿಯ ಕಡೆ ಓಡಿತು. ಕೊನೆಯ ಹನಿ ಇಳಿಯುವ ತನಕ ವೈಶಾಲಿ ಮೇಡಂ ಈ ಸಲವೂ ಪಕ್ಕದಲ್ಲೇ ಕುಳಿತಿದ್ದರು. ಮುಂದಿನ ವಾರ ರಿಜಿಸ್ಟ್ರೇಶನ್. ಬಾಗಿಲ ಮೇಲೆ ಭಾಗ್ಯಾಳ ಹೆಸರಿನ ಕೆಳಗೆ ಅವಳ ತಾತನ ಹೆಸರೂ ಇರುತ್ತದೆ. ಪಕ್ಕದಲ್ಲಿ "ಗೌಂಡಿ" ಎಂದು ಬರೆಸು ಎಂದು ನಾನೇ ಹೇಳಿದ್ದೇನೆ.

ಮಕ್ಕಳೇ, ನಾಳೆ ನೀವೂ ಮನೆ ಹುಡುಕಿಕೊಂಡು ಹೊರಡುತ್ತೀರಿ. ಆಗ ನಮ್ಮವರು ಎಂದು ಯಾರನ್ನು ಕರೆಯುತ್ತೀರಿ: ನಮ್ಮ ಮಾತು ಆಡುವವರನ್ನೋ, ನೀರು ಹೋಗುವ ತನಕ ನಮ್ಮ ಜೊತೆ ಕೂರುವವರನ್ನೋ?