ಮೇಳಿಗೆಯ ಜಗಲಿಯ ಮೂರನೇ ಕಂಬ

ಹೊನ್ನೆಮರಡಿನ ನಿಂಗಪ್ಪನಿಗೆ ಒಂದು ಕೆಟ್ಟ ಚಾಳಿ. ಯಾರ ಮನೆಗೆ ಹೋದರೂ ಮೊದಲು ವಿಚಾರಿಸಿಕೊಳ್ಳುವುದು ಮನೆಯವರನ್ನಲ್ಲ, ಜಗಲಿಯ ಕಂಬಗಳನ್ನು. ಬೀಗರ ಮನೆಯಲ್ಲೂ ಹೀಗೇ ಮಾಡಿ ಹೆಂಡತಿ ಹೂವಮ್ಮನ ಕೈಲಿ ಚೆನ್ನಾಗಿ ಬೈಸಿಕೊಂಡಿದ್ದಾನೆ. ಆದರೇನು, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹಳೇ ಮನೆಯ ಜಗಲಿ ಕುಸಿಯಿತೆಂದರೆ ಜನ ಹುಡುಕಿಕೊಂಡು ಬರುವುದು ಇವನನ್ನೇ.

ಹುಟ್ಟಾ ಬಡಗಿಯಲ್ಲ. ಗೇಣಿದಾರರ ಮನೆತನ; ಅಪ್ಪನ ಕಾಲಕ್ಕೆ ಗದ್ದೆ ಸ್ವಂತದ್ದಾಯಿತು. ಹದಿನಾರನೇ ವಯಸ್ಸಿಗೆ ಒಬ್ಬ ಮುದುಕ ಬಡಗಿಯ ಬೆನ್ನು ಬಿದ್ದು ಕೆಲಸ ಕಲಿತ. ನಡುವೆ ಹತ್ತು ವರ್ಷ ಸಾಗರ ಪೇಟೆಯಲ್ಲಿ ತಾರಸಿ ಮನೆಗಳಿಗೆ ಸೆಂಟ್ರಿಂಗ್ ಹಲಗೆ ಹೊಡೆದದ್ದೂ ಉಂಟು. ಕಾಂಕ್ರೀಟು ಗಟ್ಟಿಯಾದ ಕೂಡಲೇ ತಾನು ಮಾಡಿದ್ದನ್ನೆಲ್ಲ ತಾನೇ ಕಿತ್ತು ರಾಶಿ ಹಾಕಬೇಕು. ಅದು ಅವನಿಗೆ ಸರಿಬರಲಿಲ್ಲ. ಮತ್ತೆ ಜಗಲಿಗಳಿಗೇ ಮರಳಿದ. ಈಗ ಅರವತ್ತು ದಾಟಿದೆ, ಕೈ ಮಾತ್ರ ನಡುಗುವುದಿಲ್ಲ.

ಹೋದ ವರ್ಷ ತೀರ್ಥಹಳ್ಳಿ ಹತ್ತಿರದ ಮೇಳಿಗೆಯಿಂದ ಸೀತಮ್ಮ ಕರೆಸಿದರು. ನಿವೃತ್ತ ಟೀಚರು. ನೂರು ವರ್ಷ ದಾಟಿದ ಮನೆ, ಜಗಲಿಗೆ ಆರು ಹಲಸಿನ ಕಂಬ. ಮೂರನೆಯದರ ಬುಡವನ್ನು ಗೆದ್ದಲು ತಿಂದು, ಮೇಲಿನ ತೊಲೆ ಒಂದು ಬೆರಳಷ್ಟು ಇಳಿದಿತ್ತು. ಮೊಮ್ಮಗಳು ಅಕ್ಷಯಾಳ ಮದುವೆಗೆ ಒಂದೂವರೆ ತಿಂಗಳಿತ್ತು, ಮದುವೆ ಅದೇ ಮನೆಯಂಗಳದಲ್ಲಿ. ಅಕ್ಷಯಾ ತೀರ್ಥಹಳ್ಳಿಯ ಬ್ಯಾಂಕಿನಲ್ಲಿದ್ದಾಳೆ, ಹೇಳಿದ್ದನ್ನು ಮಾಡಿಯೇ ತೀರುವ ಹುಡುಗಿ. ನೆಂಟರ ತಲೆ ಮೇಲೆ ಮಾಡು ಬಿದ್ದರೆ ಯಾರು ಹೊಣೆ, ಆರೂ ಕಂಬ ತೆಗೆಸಿ ಸಿಮೆಂಟಿನದು ಹಾಕಿಸೋಣ ಎಂದು ಪೂರ್ಣೇಶ್ ಎಂಬ ಕಂಟ್ರಾಕ್ಟರನನ್ನು ಗೊತ್ತು ಮಾಡಿಯೇಬಿಟ್ಟಿದ್ದಳು. ಅಜ್ಜಿ ಗೋಗರೆದ ಮೇಲೆ ನಿಂಗಪ್ಪನಿಗೆ ಹತ್ತು ದಿನ ಸಿಕ್ಕಿತು. ಅಷ್ಟರೊಳಗೆ ಆಗದಿದ್ದರೆ ಹನ್ನೊಂದನೇ ದಿನ ಪೂರ್ಣೇಶನ ಆಳುಗಳು ಜಗಲಿ ಕೀಳುವವರೇ.

ನಿಂಗಪ್ಪ ಲಾರಿಯ ಜಾಕಿ ಕೊಟ್ಟು ತೊಲೆ ಎತ್ತಿದ. ಕಂಬದ ಕೊಳೆತ ಒಂದೂವರೆ ಅಡಿಯನ್ನು ಕೊಯ್ದು ತೆಗೆದ. ಅಟ್ಟದಲ್ಲಿ ಬಿದ್ದಿದ್ದ ಹಳೇ ಹಲಸಿನ ತೊಲೆಯಿಂದ ಹೊಸ ಬುಡ ಕಡೆದು, ಒಂದು ಮೊಳೆಯನ್ನೂ ಹೊಡೆಯದೆ ಬರೀ ಮರದ ಬೆಣೆಯಲ್ಲಿ ಕೂರಿಸಿದ. ಒಂಬತ್ತನೇ ದಿನ ಜಾಕಿ ಇಳಿಸಿದಾಗ ತೊಲೆ ತುಟಿಪಿಟಕ್ಕೆನ್ನದೆ ಕೂತಿತು. ಅಕ್ಷಯಾ ಕಂಬದ ಸುತ್ತ ಬೆರಳಾಡಿಸಿ ಸಂದು ಹುಡುಕಿ ಹುಡುಕಿ ಸೋತಳು. ಸಿಮೆಂಟು ಬೇಡ ಬಿಡಿ ಎಂದು ಅವಳೇ ಅಂದಳು. ಸೀತಮ್ಮ ಎರಡು ಲೋಟ ಕಾಫಿ ಕುಡಿಸಿದರು.

ಸಂಜೆ ಕಂಬಕ್ಕೆ ಎಣ್ಣೆ ತಿಕ್ಕುವಾಗ ಮರದ ಎಳೆ ಎದ್ದು ಕಂಡಿತು. ಹೊಸ ಬುಡದಲ್ಲಿ ಒಂದು ಗಂಟು. ಕೊಂಬೆ ಒಡೆದ ಕಡೆ ಎಳೆ ಮೇಲಕ್ಕೆ ಬಾಗಿರಬೇಕು. ಇಲ್ಲಿ ಅದು ನೆಲ ನೋಡುತ್ತಿತ್ತು. ನಿಂಗಪ್ಪ ಬಟ್ಟೆ ಒತ್ತಿ ಒರೆಸಿ ಇನ್ನೊಮ್ಮೆ ನೋಡಿದ. ಮರ ಬೆಳೆದ ಹಾಗೆಯೇ ಕಂಬ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ಈ ಕಡೆಯ ಬಡಗಿ ಮೊದಲ ದಿನ ಕಲಿಯುವುದೇ ಇದನ್ನು. ಹೊಸದಾಗಿ ಕಡಿದ ಮರವಾದರೆ ಬುಡಕ್ಕೆ ಇದ್ದಿಲ ಗುರುತು ಹಾಕಿಕೊಳ್ಳುತ್ತಿದ್ದ. ಇದು ಎರಡೂ ತುದಿ ಕೊಯ್ದಿದ್ದ ಹಳೇ ತೊಲೆ, ಅವಸರದಲ್ಲಿ ಹೊಗೆ ಹಿಡಿದ ಮೈಯನ್ನು ಸರಿಯಾಗಿ ನೋಡದೆ ಕಡೆದುಬಿಟ್ಟಿದ್ದ. ಹೇಳಿದರೆ ಹತ್ತು ದಿನದ ಮಾತು ಮುರಿಯುತ್ತದೆ, ಸಿಮೆಂಟಿನವರು ಬರುತ್ತಾರೆ, ಆರೂ ಕಂಬ ಹೋಗುತ್ತವೆ. ಸುಮ್ಮನಿದ್ದರೆ ಯಾವ ನರಪಿಳ್ಳೆಗೂ ತಿಳಿಯುವುದಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿ, ಮೊಮ್ಮಗಳು ಇಬ್ಬರನ್ನೂ ಜಗಲಿಗೆ ಕರೆದು ಗಂಟು ತೋರಿಸಿದ.

"ಬುಡ ತಲೆಕೆಳಗಾಗಿದೆ ಅಮ್ಮ. ತಪ್ಪು ನಂದೇ. ಬಿಚ್ಚಿ ಬೇರೆ ಕೂರಿಸ್ಬೇಕು, ಇನ್ನೂ ಮೂರು ದಿನ ಹಿಡೀತದೆ."

ಅಕ್ಷಯಾ ಹುಬ್ಬು ಗಂಟಿಕ್ಕಿದಳು. "ಹಂಗಾರೆ ಬಿದ್ದು ಹೋಗ್ತದಾ?"

"ಬೀಳಲ್ಲ. ನಾ ಸತ್ತ ಮೇಲೂ ಬೀಳಲ್ಲ."

"ಮತ್ತೆಂತಕ್ಕೆ ಹೇಳಿದ್ರಿ? ನಮಗೆ ಗೊತ್ತೇ ಆಗ್ತಿರ್ಲಿಲ್ಲ ನಿಂಗಪ್ಪಣ್ಣ."

"ಗೊತ್ತಾಗ್ತಿರ್ಲಿಲ್ಲ. ಆದ್ರೆ ನಾ ಇನ್ನೊಂದ್ಸಲ ಈ ಜಗಲಿ ಹತ್ತಕ್ಕೆ ಆಗ್ತಿರ್ಲಿಲ್ಲ."

ಅವಳು ಫೋನ್ ತೆಗೆದು ಅಂಗಳಕ್ಕಿಳಿದಳು. ಪೂರ್ಣೇಶನ ಹೆಸರು ಕಿವಿಗೆ ಬಿದ್ದಾಗ ನಿಂಗಪ್ಪ ಉಳಿಗಳನ್ನು ಚೀಲಕ್ಕೆ ತುಂಬತೊಡಗಿದ. ಹತ್ತಲ್ಲ, ಹದಿನೈದು ದಿನವಾದರೂ ಚಿಂತೆಯಿಲ್ಲ, ನೀವು ಬರುವುದೇ ಬೇಡ ಎಂದು ಅವಳು ಪೂರ್ಣೇಶನಿಗೆ ಹೇಳುತ್ತಿದ್ದದ್ದು ನಿಂಗಪ್ಪನಿಗೆ ತಿಳಿದದ್ದು ಸೀತಮ್ಮ ಚೀಲವನ್ನು ಕೈಯಿಂದ ಕಿತ್ತುಕೊಂಡಾಗಲೇ. ಮೂರು ದಿನದ ಕೆಲಸ ನಾಲ್ಕು ದಿನವಾಯಿತು. ಈ ಸಲ ಅವನು ಗಂಟನ್ನು ಏಳು ಸಲ ನೋಡಿದ.

ಮದುವೆಯ ದಿನ ಜಗಲಿಯ ತುಂಬ ಗಂಡಿನ ಕಡೆಯವರು. ಮದುಮಗನ ದೊಡ್ಡಪ್ಪ, ಹೊಸನಗರದ ಕೃಷ್ಣಕುಮಾರ್, ಆ ಮೂರನೇ ಕಂಬಕ್ಕೇ ಒರಗಿ ಕೂತು, ಇಂಥ ಕಂಬ ಈಗೆಲ್ಲಿ ಸಿಗುತ್ತವೆ ಎಂದು ಹೊಗಳಿದರು. ಅಕ್ಷಯಾ ಧಾರೆ ಸೀರೆಯಲ್ಲೇ ಅಂಗಳದತ್ತ ಕೈ ತೋರಿಸಿದಳು.

"ಅದನ್ನ ನಮ್ಮ ನಿಂಗಪ್ಪಣ್ಣ ಎರಡು ಸಲ ನಿಲ್ಸಿದ್ದು ದೊಡ್ಡಪ್ಪ. ಮೊದಲನೇದ್ರಲ್ಲಿ ತಪ್ಪಿತ್ತು. ಅವರೇ ಹೇಳಿದ್ರು, ನಮಗ್ಯಾರಿಗೂ ಕಂಡಿರ್ಲಿಲ್ಲ."

ಅಷ್ಟೂ ಜನ ತಿರುಗಿ ನೋಡಿದರು. ಚಪ್ಪರದಲ್ಲಿ ನಿಂತಿದ್ದ ನಿಂಗಪ್ಪನ ತಲೆ ತಾನಾಗಿ ತಗ್ಗಿತು. ಆ ತಪ್ಪಿನ ಸುದ್ದಿಯನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಪಕ್ಕದಲ್ಲಿದ್ದ ಹೂವಮ್ಮ ಅವನ ತೋಳು ತಿವಿದಳು.

"ತಲೆ ಎಂತಕ್ಕೆ ತಗ್ಗಿಸ್ತೀರಿ? ನೆಟ್ಟಗೆ ನಿಂತ್ಕಳಿ."

ನಿಂಗಪ್ಪ ನೆಟ್ಟಗೆ ನಿಂತ. ಕಣ್ಣು ತುಂಬಿ ಬಂದದ್ದನ್ನು ಒರೆಸಿಕೊಳ್ಳಲೂ ಹೋಗಲಿಲ್ಲ.